ತೋಟಕ್ಕೆ ಸೋಲಾರ್: ಕರೆಂಟ್ ಕೂಡಿಡುವುದೋ, ನೀರು ಕೂಡಿಡುವುದೋ?

ಊರಿನಿಂದ ದೂರದ ಜಮೀನಿನಲ್ಲಿ ಮನೆ ಕಟ್ಟಿಕೊಂಡವರು, ಕೊಳವೆಬಾವಿ ಕೊರೆಸಿ ಲೈನಿಗಾಗಿ ಕಾಯುತ್ತಿರುವವರು, ಬೆಂಗಳೂರು ಬಿಟ್ಟು ಅಪ್ಪನ ತೋಟಕ್ಕೆ ಮರಳಿದವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಐದು ಕಿಲೋವ್ಯಾಟ್ ಸೋಲಾರ್ ಹಾಕಿಸಿ, ಒಂದಷ್ಟು ಬ್ಯಾಟರಿ ಇಟ್ಟುಬಿಟ್ಟರೆ ಪಂಪು, ಮನೆ, ಕೊಟ್ಟಿಗೆ ಎಲ್ಲವೂ ನಡೆಯುತ್ತದೆಯೇ?" ನಡೆಸಬಹುದು. ಆದರೆ ಪಂಪನ್ನೂ ಮನೆಯನ್ನೂ ಒಂದೇ ಬ್ಯಾಟರಿಗೆ ಕಟ್ಟುವ ಯೋಚನೆಯಲ್ಲೇ ಬಹಳಷ್ಟು ರೈತರ ಹಣ ಹೋಗುತ್ತಿದೆ. ಇವೆರಡನ್ನೂ ಬೇರೆ ಬೇರೆಯಾಗಿ ತೂಗಿ ನೋಡಿದರೆ ಅದೇ ಹಣದಲ್ಲಿ ಹೆಚ್ಚು ಕಾಲ ಬಾಳುವ ವ್ಯವಸ್ಥೆ ಸಿಗುತ್ತದೆ. ಹೇಗೆಂದು ಲೆಕ್ಕ ಹಾಕಿಯೇ ನೋಡೋಣ.

ತೂಗುವ ಮೊದಲು ಕೇಳಿಕೊಳ್ಳಬೇಕಾದದ್ದು

ಎಷ್ಟು ಕಿಲೋವ್ಯಾಟ್ ಬೇಕು ಎಂಬ ಪ್ರಶ್ನೆ ಆಮೇಲಿನದು. ಯಾವ ಕೆಲಸ ಹಗಲಿಗೆ, ಯಾವುದು ರಾತ್ರಿಗೆ ಎಂಬುದನ್ನು ಮೊದಲು ಒಂದು ಹಾಳೆಯಲ್ಲಿ ಬರೆಯಿರಿ. ನೀರೆತ್ತುವುದು, ಮೇವು ಕತ್ತರಿಸುವುದು, ಹಿಟ್ಟಿನ ಗಿರಣಿ ಇವು ಬಿಸಿಲಿರುವಾಗಲೇ ಮುಗಿಯಬಲ್ಲ ಕೆಲಸಗಳು. ದೀಪ, ಫ್ಯಾನು, ಫ್ರಿಜ್ಜು, ಕ್ಯಾಮೆರಾ, ನಸುಕಿನಲ್ಲಿ ಹಾಲು ಕರೆಯುವ ಯಂತ್ರ ಇವು ಹಗಲಿಗೆ ಒಗ್ಗುವುದಿಲ್ಲ. ಬ್ಯಾಟರಿಯ ಗಾತ್ರವನ್ನು ನಿರ್ಧರಿಸಬೇಕಾದ್ದು ಈ ಎರಡನೆಯ ಪಟ್ಟಿ ಮಾತ್ರ.

ಆಮೇಲೆ ವರ್ಷದ ಅತಿ ಕೆಟ್ಟ ವಾರ ಯಾವುದೆಂದು ಯೋಚಿಸಿ. ಚಿತ್ರದುರ್ಗ, ಪಾವಗಡ, ಸಿಂಧನೂರಿನ ಕಡೆ ನೀರು ಹೆಚ್ಚು ಬೇಕಾದಾಗಲೇ ಬಿಸಿಲೂ ಹೆಚ್ಚು. ಅಲ್ಲಿನವರಿಗೆ ಸೂರ್ಯ ಬೇಸಾಯದ ಜೊತೆಗಾರ. ತೀರ್ಥಹಳ್ಳಿ, ಸಿದ್ದಾಪುರ, ಮಡಿಕೇರಿಯಲ್ಲಿ ಜುಲೈ ತಿಂಗಳು ಬೇರೆಯದೇ ಲೋಕ. ರಾಜ್ಯದಲ್ಲಿ ವರ್ಷದ ಸರಾಸರಿ ನೋಡಿದರೆ ಒಂದು ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಬ್ಯಾಟರಿಗೆ ತುಂಬಿ ಮತ್ತೆ ತೆಗೆಯುವ ನಷ್ಟ ಕಳೆದರೆ ಕೈಗೆ ಸಿಗುವುದು ಮೂರು ಎಂದು ಹಿಡಿಯಿರಿ. ಮಲೆನಾಡಿನ ಜಡಿಮಳೆಯಲ್ಲಿ ಅದರ ಅರ್ಧ ಬಂದರೂ ಪುಣ್ಯ.

ಮೂರನೆಯದು ಲೈನ್ ಎಷ್ಟು ದೂರ ಎಂಬುದು. ನಾಲ್ಕನೆಯದನ್ನು ಯಾರೂ ಕೇಳುವುದಿಲ್ಲ: ಕೆಟ್ಟರೆ ರಿಪೇರಿಗೆ ಯಾರು ಬರುತ್ತಾರೆ, ಬ್ಯಾಟರಿಗೆ ನೀರು ಹಾಕುವವರು ಯಾರು? ತೋಟದಲ್ಲಿ ವಯಸ್ಸಾದ ತಂದೆ ತಾಯಿ ಮಾತ್ರ ಇದ್ದು ಮಕ್ಕಳು ದೂರದ ಊರಿನಲ್ಲಿದ್ದರೆ, ಅಗ್ಗದ ಆಯ್ಕೆಗಿಂತ ಆರೈಕೆ ಕಡಿಮೆ ಬೇಡುವ ಆಯ್ಕೆಯೇ ಸರಿಯಾದದ್ದು.

ಲೈನ್ ಹತ್ತಿರವಿದ್ದರೆ

ಸೋಲಾರ್ ಮೇಲಿನ ಪ್ರೀತಿಯಿಂದ ಇದನ್ನು ಮರೆಮಾಚುವುದು ತಪ್ಪಾಗುತ್ತದೆ. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ಕರೆಂಟ್ ಉಚಿತ. ಹಾಗಾಗಿ ಈಗಾಗಲೇ ಐಪಿ ಸೆಟ್ ಸಂಪರ್ಕ ಇರುವವರಿಗೆ ಸೋಲಾರ್ ಪಂಪಿನಿಂದ ಬಿಲ್ ಉಳಿಯುವ ಮಾತೇ ಇಲ್ಲ. ಉಳಿಯುವುದು ನಿದ್ದೆ. ದಿನಕ್ಕೆ ಏಳು ಗಂಟೆ ಎಂದು ಹೇಳುವ ತ್ರೀ ಫೇಸ್ ಪಾಳಿಯ ಮೇಲೆ ಹಂಚಿಕೆಯಾಗಿ, ಅದರಲ್ಲೊಂದು ಪಾಳಿ ನಡುರಾತ್ರಿಗೆ ಬಿದ್ದರೆ, ಹಾವು, ಚಿರತೆ, ಆನೆಗಳ ಭಯದಲ್ಲಿ ಟಾರ್ಚ್ ಹಿಡಿದು ಗದ್ದೆಗೆ ಹೋಗಬೇಕಾದವರಿಗೆ ಹಗಲಿನ ನೀರಿನ ಬೆಲೆ ಗೊತ್ತು. ಅದು ಹಣದ ಲೆಕ್ಕಕ್ಕೆ ಸಿಗದಿದ್ದರೂ ಲೆಕ್ಕದಲ್ಲಿ ಇರಲೇಬೇಕು.

ಹೊಸದಾಗಿ ಸಂಪರ್ಕ ಕೇಳುವವರ ಸ್ಥಿತಿ ಬೇರೆ. 2023ರ ಸೆಪ್ಟೆಂಬರಿನ ಬಳಿಕ ಅರ್ಜಿ ಹಾಕುವ ರೈತರು ಕಂಬ, ತಂತಿಯ ಖರ್ಚನ್ನು ತಾವೇ ಹೊರಬೇಕಾಗಿದೆ. ಜಮೀನು ಲೈನಿನಿಂದ ಎರಡು ಮೂರು ಕಂಬದ ದೂರದಲ್ಲಿದ್ದರೆ ಲೈನ್ ಎಳೆಸುವುದೇ ಲಾಭ. ದೂರ ಹೆಚ್ಚಿದಂತೆ, ನಡುವೆ ಅನ್ಯರ ಜಮೀನೋ ಕಾಡೋ ಬಂದಂತೆ, ಸೋಲಾರ್ ಕಡೆಗೆ ತಕ್ಕಡಿ ವಾಲುತ್ತದೆ. ವಿದ್ಯುತ್ ಜಾಲದಿಂದ 500 ಮೀಟರಿಗಿಂತ ದೂರದ ಪಂಪ್‌ಸೆಟ್ಟುಗಳಿಗೆ ಪ್ರತ್ಯೇಕ ಸೋಲಾರ್ ಪಂಪು ಕೊಡುವುದನ್ನೇ ಸರ್ಕಾರವೂ ನೀತಿಯಾಗಿ ಹಿಡಿದಿದೆ.

ಮನೆಗೆ ಮಾತ್ರ ಲೈನ್ ಇದ್ದು, ಗೃಹಜ್ಯೋತಿಯಲ್ಲಿ ಬಿಲ್ ಬಾರದಿರುವವರು ದೊಡ್ಡ ಬ್ಯಾಟರಿಗೆ ಹಣ ಸುರಿಯಬೇಡಿ. ನಿಮಗೆ ಬೇಕಾಗಿರುವುದು ಕರೆಂಟ್ ಹೋದ ನಾಲ್ಕೈದು ಗಂಟೆ ದಾಟಿಸುವಷ್ಟು ಮಾತ್ರ.

ಇಲ್ಲೊಂದು ಎಚ್ಚರಿಕೆ. 2024ರ ಫೆಬ್ರುವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯ ಸಹಾಯಧನ, ಅಂದರೆ 3 ಕಿಲೋವ್ಯಾಟಿಗೆ ಗರಿಷ್ಠ 78,000 ರೂಪಾಯಿ, ಗ್ರಿಡ್‌ಗೆ ಜೋಡಿಸಿದ ಚಾವಣಿ ಸೋಲಾರಿಗೆ ಮಾತ್ರ. ಲೈನೇ ಇಲ್ಲದ ತೋಟದ ಮನೆಗೆ ಅದು ಸಿಗುವುದಿಲ್ಲ. ಇನ್ನೊಂದು ವಿಷಯ ಹಲವರಿಗೆ ಹಾಕಿಸಿದ ಮೇಲಷ್ಟೇ ತಿಳಿಯುತ್ತದೆ: ಬ್ಯಾಟರಿಯಿಲ್ಲದೆ ಗ್ರಿಡ್‌ಗೆ ಜೋಡಿಸಿದ ಇನ್ವರ್ಟರ್ ಲೈನ್ ಹೋದ ಕ್ಷಣ ತಾನೂ ನಿಲ್ಲುತ್ತದೆ. ಕಂಬ ಹತ್ತಿದ ಲೈನ್‌ಮನ್ ಜೀವ ಉಳಿಸಲು ಅದನ್ನು ಹಾಗೆಯೇ ಮಾಡಿರುತ್ತಾರೆ. ದಿನಕ್ಕೆ ಹತ್ತು ಸಲ ಕರೆಂಟ್ ಹೋಗುವ ಊರಿನಲ್ಲಿ ನೆತ್ತಿಯ ಮೇಲೆ ಬಿಸಿಲಿದ್ದರೂ ಫ್ಯಾನ್ ತಿರುಗುವುದಿಲ್ಲ.

ನೀರೆತ್ತಲು: ಬ್ಯಾಟರಿಯೋ, ಹೊಂಡವೋ

ಈ ಇಡೀ ಬರಹದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ.

30 ಮೀಟರ್ ಆಳದಿಂದ ಒಂದು ಲಕ್ಷ ಲೀಟರ್ ನೀರೆತ್ತಲು ಬೇಕಾದ ನಿಜವಾದ ಶಕ್ತಿ ಸುಮಾರು 8 ಯೂನಿಟ್. ಪಂಪು, ಮೋಟರು, ಪೈಪಿನ ನಷ್ಟ ಸೇರಿದರೆ ಅದು 18 ಯೂನಿಟ್ಟಿನ ಹತ್ತಿರ ಹೋಗುತ್ತದೆ. ಈ 18 ಯೂನಿಟ್ಟನ್ನು ಬ್ಯಾಟರಿಯಲ್ಲಿ ಕೂಡಿಡಬೇಕೆಂದರೆ? 12 ವೋಲ್ಟ್, 150 ಎಎಚ್‌ನ ಒಂದು ಟ್ಯೂಬುಲರ್ (ಸೀಸ-ಆಮ್ಲದ) ಬ್ಯಾಟರಿಯಲ್ಲಿ 1.8 ಯೂನಿಟ್ ಇರುತ್ತದೆ. ಅದರ ಆಯಸ್ಸು ಉಳಿಯಬೇಕಾದರೆ ಅರ್ಧ ಮಾತ್ರ ಬಳಸಬೇಕು, ಅಂದರೆ 0.9. ಇಪ್ಪತ್ತು ಬ್ಯಾಟರಿ ಸಾಲಾಗಿ ಇಡಬೇಕಾಯಿತು. ಅವುಗಳ ಬೆಲೆಯೇ ಮೂರು ಲಕ್ಷ ದಾಟುತ್ತದೆ, ನಾಲ್ಕೈದು ವರ್ಷಕ್ಕೆ ಅಷ್ಟನ್ನೂ ಬದಲಿಸಬೇಕು. ಅದೇ ಒಂದು ಲಕ್ಷ ಲೀಟರ್ ನೀರು ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ, ಒಂದು ಮೀಟರ್ ಆಳದ ಹೊಂಡದಲ್ಲಿ ಹಿಡಿಯುತ್ತದೆ. ಹೊಂಡಕ್ಕೆ ತುಂಬಿ ಬರಿದಾಗುವ ಚಾರ್ಜಿಂಗ್ ಸುತ್ತುಗಳ ಲೆಕ್ಕವಿಲ್ಲ, ಆಮ್ಲ ಇಲ್ಲ.

ಹಾಗಾಗಿ ಪಂಪಿಗೆ ಬ್ಯಾಟರಿ ಬೇಡ. ಪ್ಯಾನೆಲ್, ಕಂಟ್ರೋಲರ್, ಮೋಟರ್ ಇಷ್ಟೇ ಇರುವ ಪ್ರತ್ಯೇಕ ಸೋಲಾರ್ ಪಂಪು ಇರಲಿ. ಬಿಸಿಲೇರಿದಂತೆ ಅದರ ವೇಗ ಏರುತ್ತದೆ, ಮೋಡ ಬಂದರೆ ತಗ್ಗುತ್ತದೆ, ದಿನವಿಡೀ ಎತ್ತಿದ್ದನ್ನು ಹೊಂಡಕ್ಕೋ ಟ್ಯಾಂಕಿಗೋ ತುಂಬುತ್ತದೆ. 4,800 ವ್ಯಾಟ್ ಪ್ಯಾನೆಲ್ ಇರುವ 5 ಎಚ್‌ಪಿ ಪಂಪು ಒಳ್ಳೆಯ ಬಿಸಿಲಿನ ದಿನ ಮೇಲೆ ಹೇಳಿದ ಒಂದು ಲಕ್ಷ ಲೀಟರನ್ನು ಎತ್ತಬಲ್ಲುದು.

ಹೊಂಡಕ್ಕೂ ತೊಂದರೆಗಳಿವೆ. ಜಾಗ ಹೋಗುತ್ತದೆ. ಬೇಸಿಗೆಯಲ್ಲಿ ದಿನಕ್ಕೆ ಐದಾರು ಮಿಲಿಮೀಟರ್ ಆವಿಯಾದರೆ ನೂರು ಚದರ ಮೀಟರಿನ ಹೊಂಡದಿಂದ ಐನೂರು ಆರುನೂರು ಲೀಟರ್ ಹೋಗುತ್ತದೆ, ಇದು ತಡೆದುಕೊಳ್ಳಬಹುದಾದ ನಷ್ಟ. ತಳಕ್ಕೆ ಪಾಲಿಥೀನ್ ಹಾಳೆ ಹಾಕದಿದ್ದರೆ ಕೆಂಪು ಮಣ್ಣಿನಲ್ಲಿ ಇಂಗಿ ಹೋಗುವ ನಷ್ಟ ಮಾತ್ರ ತಡೆಯಲಾರದ್ದು. 2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯಲ್ಲಿ ತೋಡಿದ ಹೊಂಡ ನಿಮ್ಮಲ್ಲಿದ್ದರೆ ಅದನ್ನೇ ಬಳಸಿಕೊಳ್ಳಿ. ಸುತ್ತ ಬೇಲಿ ಹಾಕದೆ ಯಾವ ಹೊಂಡವನ್ನೂ ತುಂಬಿಸಬೇಡಿ. ಹಾಳೆ ಹೊದಿಸಿದ ದಡ ಜಾರುತ್ತದೆ, ಒಳಗೆ ಬಿದ್ದ ಮಗುವೋ ಕರುವೋ ಹತ್ತಿ ಬರಲಾಗುವುದಿಲ್ಲ. ದಡದಿಂದ ತಳದವರೆಗೆ ಗಂಟು ಹಾಕಿದ ಹಗ್ಗ ಇಳಿಬಿಟ್ಟಿರಬೇಕು.

ಇನ್ನೊಂದು ತೊಡಕು ಹನಿ ನೀರಾವರಿಯದು. ಸಾಮಾನ್ಯ ಡ್ರಿಪ್ ಲೈನಿಗೆ ಸುಮಾರು ಒಂದು ಕೆಜಿ ಒತ್ತಡ ಬೇಕು, ಅಂದರೆ ನೀರು ಹತ್ತು ಮೀಟರ್ ಎತ್ತರದಲ್ಲಿರಬೇಕು. ಗುಡ್ಡದ ತಲೆಯಲ್ಲಿ ಟ್ಯಾಂಕ್ ಕಟ್ಟಬಲ್ಲ ಮಲೆನಾಡಿನವರಿಗೆ ಇದು ಸಲೀಸು. ಬಯಲುಸೀಮೆಯಲ್ಲಿ ಹೊಂಡದ ಬದಿಗೆ ಒಂದು ಎಚ್‌ಪಿಯ ಇನ್ನೊಂದು ಸಣ್ಣ ಪಂಪು ಇಡಬೇಕಾಗುತ್ತದೆ. ಆ ಖರ್ಚು ಸೇರಿಸಿದರೂ ಇಪ್ಪತ್ತು ಬ್ಯಾಟರಿಗಿಂತ ಅಗ್ಗ.

ಆದರೆ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸಾವಿರ ಅಡಿ ದಾಟಿದ ಬೋರ್‌ವೆಲ್ ಇರುವವರಿಗೆ ನಾನು ಇದನ್ನು ಹೇಳಲಾರೆ. 300 ಮೀಟರಿನಿಂದ ಒಂದು ಲಕ್ಷ ಲೀಟರ್ ಎಂದರೆ 160 ಯೂನಿಟ್ಟಿಗೂ ಮೇಲೆ. ಸಹಾಯಧನಕ್ಕೆ ಸಿಗುವ ಗಾತ್ರದ ಸೋಲಾರ್ ಪಂಪು ಅಲ್ಲಿ ಕುಡಿಯುವ ನೀರಿಗೆ, ಹಸುಗಳಿಗೆ, ಕೈತೋಟಕ್ಕೆ ಸಾಕಾದೀತು, ಎಕರೆಗಟ್ಟಲೆ ತರಕಾರಿಗೆ ಸಾಲದು. ಅಂಥವರು ಲೈನನ್ನೇ ನಂಬಬೇಕು, ಇಲ್ಲವೇ ಬೆಳೆ ಬದಲಿಸಬೇಕು.

ಸಹಾಯಧನದ ವಿಚಾರ: ಪಿಎಂ ಕುಸುಮ್ ಯೋಜನೆಯ 'ಬಿ' ಭಾಗದಲ್ಲಿ ಕೇಂದ್ರ ಶೇ 30 ಕೊಡುತ್ತದೆ. ಕರ್ನಾಟಕ ತನ್ನ ಪಾಲನ್ನು ಶೇ 50ಕ್ಕೆ ಏರಿಸಿದ್ದರಿಂದ ರೈತರು ಹೊರಬೇಕಾದ್ದು ಶೇ 20ರಷ್ಟು. ಅರ್ಜಿಯನ್ನು ರಾಜ್ಯದ ನವೀಕರಿಸಬಹುದಾದ ಇಂಧನ ನಿಗಮವಾದ ಕೆಆರ್‌ಇಡಿಎಲ್ ಮೂಲಕ ಹಾಕಬೇಕು. ಹಂತ ಹಂತವಾಗಿ ನಡೆಯುವ ಯೋಜನೆ ಇದು, ಆದ್ದರಿಂದ ಹಣ ಹೊಂದಿಸುವ ಮೊದಲು ಅರ್ಜಿ ಈಗ ತೆರೆದಿದೆಯೇ ಎಂದು ಅಲ್ಲಿಯೇ ವಿಚಾರಿಸಿ. ಮಧ್ಯವರ್ತಿಯ ಕೈಗೆ ಮುಂಗಡ ಕೊಡಬೇಡಿ. ಸಾಧ್ಯವಾದರೆ ಯುಎಸ್‌ಪಿಸಿ ಎಂದು ಕರೆಯುವ ಬಹುಬಳಕೆಯ ಕಂಟ್ರೋಲರ್ ಇರುವ ಪಂಪನ್ನೇ ಕೇಳಿ. ಮಳೆಗಾಲದಲ್ಲಿ ಪಂಪು ನಿಂತಾಗ ಅದೇ ಪ್ಯಾನೆಲ್‌ಗಳಿಂದ ಮೇವು ಕತ್ತರಿಸುವ ಯಂತ್ರ, ಹಿಟ್ಟಿನ ಗಿರಣಿ ಓಡಿಸಬಹುದು.

ಮನೆಗೆ, ಕೊಟ್ಟಿಗೆಗೆ: ಸೀಸವೋ, ಲಿಥಿಯಮ್ಮೋ

ಪಂಪು ಹೊರಗೆ ಹೋದರೆ ಉಳಿದ ಹೊರೆ ಎಷ್ಟು ಚಿಕ್ಕದೆಂದು ನೋಡಿ. ಹತ್ತು ಎಲ್‌ಇಡಿ ದೀಪ, ಬಿಎಲ್‌ಡಿಸಿ ಮೋಟರಿನ (ಕಡಿಮೆ ಕರೆಂಟ್ ಎಳೆಯುವ) ನಾಲ್ಕು ಫ್ಯಾನು, ಒಂದು ಫ್ರಿಜ್ಜು, ಟಿವಿ, ಮಿಕ್ಸಿ, ಎರಡು ಹೊತ್ತು ಹಾಲು ಕರೆಯುವ ಯಂತ್ರ, ಮೇವಿನ ಯಂತ್ರ, ಕ್ಯಾಮೆರಾ ಎಲ್ಲ ಸೇರಿದರೂ ದಿನಕ್ಕೆ ಸುಮಾರು ಐದು ಯೂನಿಟ್. ಅದರಲ್ಲಿ ಸೂರ್ಯ ಮುಳುಗಿದ ಮೇಲಿನದು ಮೂರು. ಹಳೆಯ 75 ವ್ಯಾಟಿನ ಫ್ಯಾನುಗಳನ್ನು 30 ವ್ಯಾಟಿನವುಗಳಿಗೆ ಬದಲಿಸುವ ಖರ್ಚು ಬ್ಯಾಟರಿ ದೊಡ್ಡದು ಮಾಡುವ ಖರ್ಚಿಗಿಂತ ಎಂದೂ ಕಡಿಮೆಯೇ. ಅದನ್ನು ಮೊದಲು ಮಾಡಿ.

ಈ ಮನೆಗೆ ಎರಡೂವರೆಯಿಂದ ಮೂರು ಕಿಲೋವ್ಯಾಟ್ ಪ್ಯಾನೆಲ್ ಸಾಕು. ಬ್ಯಾಟರಿಯಲ್ಲಿ ಎರಡು ದಾರಿ. 150 ಎಎಚ್‌ನ ನಾಲ್ಕು ಟ್ಯೂಬುಲರ್ ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿದರೆ 48 ವೋಲ್ಟಿನಲ್ಲಿ ಬಳಸಬಹುದಾದ 3.6 ಯೂನಿಟ್ ಸಿಗುತ್ತದೆ. ಲಿಥಿಯಮ್ ಐರನ್ ಫಾಸ್ಫೇಟ್‌ನ 51.2 ವೋಲ್ಟ್, 100 ಎಎಚ್‌ನ ಒಂದೇ ಪೆಟ್ಟಿಗೆಯಲ್ಲಿ 5 ಯೂನಿಟ್ ಇದ್ದು, ಶೇ 80ರಷ್ಟು ಬಳಸಿದರೂ 4 ಯೂನಿಟ್ ದಕ್ಕುತ್ತದೆ.

ಮೊದಲನೆಯದಕ್ಕೆ ಸುಮಾರು 65,000 ರೂಪಾಯಿ, ಎರಡನೆಯದಕ್ಕೆ ಒಂದು ಲಕ್ಷದ ಆಸುಪಾಸು ಎಂದು ಇಟ್ಟುಕೊಳ್ಳೋಣ. ನಿಮ್ಮೂರಿನ ದರ ತಂದು ಇದೇ ಲೆಕ್ಕ ಮಾಡಿ. ಟ್ಯೂಬುಲರ್ ಬ್ಯಾಟರಿ ಅರ್ಧದವರೆಗೆ ಬಳಸಿದರೆ ಸುಮಾರು 1,500 ಸುತ್ತು ಬರುತ್ತದೆ, ದಿನಕ್ಕೊಂದರಂತೆ ನಾಲ್ಕು ವರ್ಷ. ಲಿಥಿಯಮ್ ಪೆಟ್ಟಿಗೆಗೆ 4,000 ಸುತ್ತು ಹಿಡಿದರೆ ಹತ್ತು ವರ್ಷ ದಾಟುತ್ತದೆ. ಬೆಲೆಯನ್ನು ಬಳಸಬಹುದಾದ ಯೂನಿಟ್ಟು ಮತ್ತು ಸುತ್ತುಗಳ ಗುಣಲಬ್ಧದಿಂದ ಭಾಗಿಸಿದರೆ, ಕೂಡಿಟ್ಟ ಪ್ರತಿ ಯೂನಿಟ್ಟಿಗೆ ಸೀಸದಲ್ಲಿ 12 ರೂಪಾಯಿ, ಲಿಥಿಯಮ್‌ನಲ್ಲಿ ಆರು ಏಳು ರೂಪಾಯಿ. ದಿನವೂ ಬ್ಯಾಟರಿಯಿಂದಲೇ ರಾತ್ರಿ ಕಳೆಯುವ ಮನೆಗೆ ಉತ್ತರ ಸ್ಪಷ್ಟ: ಲಿಥಿಯಮ್.

ಎಲ್ಲರಿಗೂ ಹಾಗಲ್ಲ. ತಿಂಗಳಲ್ಲಿ ನಾಲ್ಕು ದಿನ ಮಾತ್ರ ತೋಟಕ್ಕೆ ಬರುವವರು, ಲೈನ್ ಇದ್ದು ಆಗೀಗ ಮಾತ್ರ ಬ್ಯಾಟರಿ ಬೇಕಾದವರು ಸುತ್ತುಗಳನ್ನು ಬಳಸುವುದೇ ಕಡಿಮೆ. ಅವರಿಗೆ ಆರಂಭದ ಬೆಲೆಯೇ ಮುಖ್ಯ, ಸೀಸ ಸಾಕು. ಸೀಸದ ಇನ್ನೊಂದು ಬಲವೆಂದರೆ ಅದನ್ನು ಬಲ್ಲ ಮೆಕ್ಯಾನಿಕ್ ಪ್ರತಿ ತಾಲ್ಲೂಕು ಪಟ್ಟಣದಲ್ಲೂ ಇದ್ದಾನೆ, ಹಳೆಯದನ್ನು ಕೊಟ್ಟರೆ ಗುಜರಿಯ ಬೆಲೆಯೂ ಸಿಗುತ್ತದೆ. ಲಿಥಿಯಮ್ ಪೆಟ್ಟಿಗೆಯೊಳಗಿನ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಎಲೆಕ್ಟ್ರಾನಿಕ್ ಬೋರ್ಡ್) ಕೈಕೊಟ್ಟರೆ ಅದನ್ನು ಕಂಪನಿಗೇ ಕಳಿಸಬೇಕು, ಅಷ್ಟು ದಿನ ಕತ್ತಲೆ. ಆದ್ದರಿಂದ ಲಿಥಿಯಮ್ ಕೊಳ್ಳುವವರು ವಾರಂಟಿಯ ವರ್ಷಗಳಿಗಿಂತ, ಬದಲಿ ಪೆಟ್ಟಿಗೆ ಎಷ್ಟು ದಿನದಲ್ಲಿ ಬರುತ್ತದೆ ಎಂಬುದನ್ನು ಮೊದಲು ಕೇಳಬೇಕು.

ಸೀಸ ಕೊಳ್ಳುವವರು ಬ್ಯಾಟರಿಯ ಮೇಲೆ ಸಿ10 (ಹತ್ತು ಗಂಟೆಯಲ್ಲಿ ಬರಿದಾಗುವ ಲೆಕ್ಕದ ಅಳತೆ) ಎಂದು ಬರೆದಿರುವುದನ್ನು ನೋಡಿಯೇ ಕೊಳ್ಳಿ. ಸಾಮಾನ್ಯ ಇನ್ವರ್ಟರ್ ಬ್ಯಾಟರಿಗಳು ಸಿ20, ಅಂದರೆ ಇಪ್ಪತ್ತು ಗಂಟೆಯ ಅಳತೆಯವು. ಅದೇ 150 ಎಂದು ಬರೆದಿದ್ದರೂ ವೇಗವಾಗಿ ಬಳಸಿದಾಗ ಅಷ್ಟು ಕೊಡುವುದಿಲ್ಲ. ಎರಡು ಮೂರು ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರ್ ಹಾಕಬೇಕು, ಬೋರ್ ನೀರು ಹಾಕಿದರೆ ಬ್ಯಾಟರಿ ಮುಗಿದಂತೆ. ಚಾರ್ಜ್ ಆಗುವಾಗ ಅದರಿಂದ ಹೈಡ್ರೋಜನ್ ಹೊಮ್ಮುತ್ತದೆ, ಹಾಗಾಗಿ ಅಡುಗೆಮನೆಯಲ್ಲಾಗಲಿ ದೀಪ ಹಚ್ಚುವ ದೇವರ ಕೋಣೆಯಲ್ಲಾಗಲಿ ಇಡಲೇಬಾರದು. ತಗಡಿನ ಶೆಡ್ಡಿನಲ್ಲಿಯೂ ಬೇಡ. 25 ಡಿಗ್ರಿಯಿಂದ ಮೇಲಕ್ಕೆ ಪ್ರತಿ ಹತ್ತು ಡಿಗ್ರಿಗೆ ಸೀಸದ ಬ್ಯಾಟರಿಯ ಆಯಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ತಗಡಿನ ಕೆಳಗೆ ಅದು ಎಷ್ಟು ಬಾಳೀತು?

ಇನ್ವರ್ಟರ್ ಬಗ್ಗೆ ಸ್ವಲ್ಪದರಲ್ಲಿ ಹೇಳುತ್ತೇನೆ. ಮೋಟರ್ ಶುರುವಾಗುವ ಕ್ಷಣದಲ್ಲಿ ತನ್ನ ಸಾಮಾನ್ಯ ಕರೆಂಟಿನ ಐದಾರು ಪಟ್ಟು ಎಳೆಯುತ್ತದೆ. ಒಂದು ಎಚ್‌ಪಿಯ ಹಾಲು ಕರೆಯುವ ಯಂತ್ರ ಇದ್ದರೆ ಐದು ಕೆವಿಎ ಇನ್ವರ್ಟರ್ ಹಾಕಿ, ಒಳಗೆ ಭಾರದ ಟ್ರಾನ್ಸ್‌ಫಾರ್ಮರ್ ಇರುವುದನ್ನು ಆರಿಸಿ. ಹಗುರ ಇನ್ವರ್ಟರ್ ದೀಪ, ಫ್ಯಾನಿಗೆ ಸರಿ, ಮೋಟರಿಗೆ ಪದೇ ಪದೇ ಟ್ರಿಪ್ ಆಗುತ್ತದೆ. ಶುದ್ಧ ಸೈನ್ ವೇವ್ (ಲೈನಿನಂಥ ನಯವಾದ ಕರೆಂಟ್) ಮತ್ತು ಎಂಪಿಪಿಟಿ (ಪ್ಯಾನೆಲ್ಲಿನಿಂದ ಗರಿಷ್ಠ ಶಕ್ತಿ ಸೆಳೆಯುವ ಕಂಟ್ರೋಲರ್) ಇವೆರಡರಲ್ಲಿ ರಾಜಿ ಬೇಡ.

ಮಲೆನಾಡಿನವರಿಗೆ ಪ್ರತ್ಯೇಕವಾಗಿ

ಅಡಿಕೆ ತೋಟದ ನಡುವಿನ ಮನೆಗೆ ಬಿಸಿಲು ಬೀಳುವುದೇ ಮಧ್ಯಾಹ್ನದ ಕೆಲವು ಗಂಟೆ. ಪ್ಯಾನೆಲ್ಲಿನ ಒಂದು ಮೂಲೆಗೆ ಮರದ ನೆರಳು ಬಿದ್ದರೂ ಅದೇ ಸಾಲಿನ ಉಳಿದ ಪ್ಯಾನೆಲ್‌ಗಳ ಉತ್ಪಾದನೆ ಕುಸಿಯುತ್ತದೆ. ಬೇಣದ (ಹುಲ್ಲುಗಾವಲಿನ) ಬಯಲಿನಲ್ಲಿ ಪ್ಯಾನೆಲ್ ಇಟ್ಟು ಉದ್ದ ಕೇಬಲ್ ಎಳೆಯುವುದೇ ಲೇಸು. ಮಳೆಗಾಲಕ್ಕಾಗಿ ಬ್ಯಾಟರಿಯನ್ನು ಮೂರು ಪಟ್ಟು ಮಾಡಿಸಲು ಹೊರಟವರನ್ನು ನಾನು ತಡೆಯುತ್ತೇನೆ. ತುಂಬಿಸಲು ಬಿಸಿಲೇ ಇಲ್ಲದಾಗ ದೊಡ್ಡ ಬ್ಯಾಟರಿ ಬರಿದಾದ ದೊಡ್ಡ ಪೆಟ್ಟಿಗೆ ಮಾತ್ರ. ಬದಲಿಗೆ ಪ್ಯಾನೆಲ್ ಒಂದೂವರೆ ಪಟ್ಟು ಹೆಚ್ಚಿಸಿ. ಮೋಡದ ದಿನವೂ ಅಷ್ಟಿಷ್ಟು ಬರುತ್ತದೆ.

ಜಮೀನಿನಲ್ಲಿ ಹಳ್ಳ ಹರಿಯುತ್ತಿದ್ದರೆ ನಿಮ್ಮದು ಅದೃಷ್ಟ. 20 ಮೀಟರ್ ಇಳಿಜಾರಿನಲ್ಲಿ ಸೆಕೆಂಡಿಗೆ ಐದು ಲೀಟರ್ ನೀರು ಸಣ್ಣ ಟರ್ಬೈನಿನ ಮೇಲೆ ಬಿದ್ದರೆ ಸುಮಾರು 500 ವ್ಯಾಟ್ ಸಿಗುತ್ತದೆ. ಅದು ಹಗಲೂ ರಾತ್ರಿಯೂ ತಿರುಗುವುದರಿಂದ ದಿನಕ್ಕೆ 12 ಯೂನಿಟ್! ಸೂರ್ಯ ಕೈಬಿಡುವ ತಿಂಗಳುಗಳಲ್ಲೇ ಹಳ್ಳ ತುಂಬಿರುತ್ತದೆ. ಜೂನ್‌ನಿಂದ ಡಿಸೆಂಬರ್‌ವರೆಗೆ ನೀರು, ಆಮೇಲೆ ಬಿಸಿಲು ಎಂದು ಹಂಚಿಕೊಂಡರೆ ಒಂದೇ ಸಣ್ಣ ಬ್ಯಾಟರಿಯಲ್ಲಿ ವರ್ಷ ಕಳೆಯುತ್ತದೆ. ತರಗೆಲೆ ಕಟ್ಟಿಕೊಂಡ ಜಾಲರಿಯನ್ನು ಮಳೆಯಲ್ಲಿ ಹೋಗಿ ತೆಗೆಯುವ ಶ್ರಮ ಮಾತ್ರ ತಪ್ಪಿದ್ದಲ್ಲ.

ಹಳ್ಳವೂ ಇಲ್ಲದವರು ಒಂದು ಸಣ್ಣ ಜನರೇಟರ್ ಇಟ್ಟುಕೊಳ್ಳಲಿ. ಲೀಟರ್ ಡೀಸೆಲ್‌ಗೆ ಮೂರು ಯೂನಿಟ್ ಬಂದರೂ ಯೂನಿಟ್ಟಿಗೆ 30 ರೂಪಾಯಿ ಬೀಳುತ್ತದೆ, ಆದರೆ ವರ್ಷದಲ್ಲಿ ಹತ್ತು ಹದಿನೈದು ದಿನಕ್ಕೆ ಮಾತ್ರ ಎಂದಾದರೆ ಅದು ಎರಡನೆಯ ಬ್ಯಾಟರಿಗಿಂತ ಅಗ್ಗ. ಇನ್ನು ಆನೆ ಬೇಲಿಯ ಬ್ಯಾಟರಿಯನ್ನು ಮನೆಯದರ ಜೊತೆ ಎಂದೂ ಸೇರಿಸಬೇಡಿ. ಮನೆಯಲ್ಲಿ ಕರೆಂಟ್ ಮುಗಿದ ರಾತ್ರಿಯೂ ಬೇಲಿಯಲ್ಲಿ ಇರಬೇಕು.

ಕೈಯಲ್ಲಿರುವ ಹಣಕ್ಕೆ ತಕ್ಕಂತೆ

ಐವತ್ತು ಸಾವಿರದೊಳಗೆ ಎಂದಾದರೆ ಇಡೀ ಮನೆಯ ಆಸೆ ಬಿಡಿ. ಒಂದು ಪ್ಯಾನೆಲ್, ಒಂದು ಬ್ಯಾಟರಿ, ದೀಪ, ಎರಡು ಡಿಸಿ ಫ್ಯಾನು, ಮೊಬೈಲ್ ಚಾರ್ಜಿಂಗ್ ಇವು ಇನ್ವರ್ಟರೇ ಇಲ್ಲದೆ ನೆಮ್ಮದಿಯಾಗಿ ನಡೆಯುತ್ತವೆ. ಮಲೆನಾಡಿನ, ಕರಾವಳಿಯ ಎಷ್ಟೋ ಮನೆಗಳು ತೊಂಬತ್ತರ ದಶಕದ ಕೊನೆಯಿಂದ ಇಂಥ ದೀಪಗಳಲ್ಲೇ ಮಕ್ಕಳನ್ನು ಓದಿಸಿವೆ. ಒಂದೂವರೆ, ಎರಡು ಲಕ್ಷ ಇದ್ದರೆ ಕಡಿಮೆ ಪ್ಯಾನೆಲ್ ಹಾಗೂ ಸೀಸದ ಬ್ಯಾಟರಿಯಿಂದ ಆರಂಭಿಸಿ, ಆದರೆ ಮುಂದೆ ಲಿಥಿಯಮ್ ಹಾಕಲು ಬರುವ 48 ವೋಲ್ಟಿನ ಇನ್ವರ್ಟರನ್ನೇ ಕೊಳ್ಳಿ. ನಾಲ್ಕು ವರ್ಷದ ಮೇಲೆ ಬ್ಯಾಟರಿಯನ್ನಷ್ಟೇ ಬದಲಿಸಿದರಾಯಿತು. ಮೂರು ಲಕ್ಷದ ಮೇಲೆ ಇದ್ದರೆ ಮನೆಗೆ ಲಿಥಿಯಮ್, ಪಂಪಿಗೆ ಸಹಾಯಧನದ ಅರ್ಜಿ, ಉಳಿದದ್ದು ಹೊಂಡಕ್ಕೆ. 2025ರ ಸೆಪ್ಟೆಂಬರಿನಲ್ಲಿ ಸೋಲಾರ್ ಉಪಕರಣಗಳ ಜಿಎಸ್‌ಟಿ ಶೇ 12ರಿಂದ 5ಕ್ಕೆ, ಸೀಸದ ಬ್ಯಾಟರಿಯದು ಶೇ 28ರಿಂದ 18ಕ್ಕೆ ಇಳಿದಿದೆ. ಹಳೆಯ ದರಪಟ್ಟಿ ತೋರಿಸಿದರೆ ಒಪ್ಪಬೇಡಿ.

ಕನಿಷ್ಠ ಮೂವರಿಂದ ದರಪಟ್ಟಿ ಬರೆಸಿಕೊಳ್ಳಿ. ಅದರಲ್ಲಿ ಪ್ಯಾನೆಲ್ಲಿನ ವ್ಯಾಟ್, ಬ್ಯಾಟರಿಯ ಬಳಸಬಹುದಾದ ಯೂನಿಟ್ ಮತ್ತು ಸುತ್ತುಗಳು, ಇನ್ವರ್ಟರ್ ಎಷ್ಟು ಎಚ್‌ಪಿ ಮೋಟರನ್ನು ಶುರು ಮಾಡಬಲ್ಲುದು, ಕರೆದರೆ ಎಷ್ಟು ದಿನದಲ್ಲಿ ಬರುತ್ತಾರೆ ಎಂಬುದೆಲ್ಲ ಬರಹದಲ್ಲಿರಬೇಕು. ಅರ್ತಿಂಗ್, ಮಿಂಚು ನಿರೋಧಕ ಮತ್ತು ಏರುವೋಲ್ಟೇಜ್ ತಡೆಯುವ ಎಸ್‌ಪಿಡಿ ದರಪಟ್ಟಿಯಲ್ಲಿ ಇಲ್ಲದಿದ್ದರೆ ಸೇರಿಸಲು ಹೇಳಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಮೊದಲು ಸುಡುವುದು ಇನ್ವರ್ಟರ್, ಮತ್ತು ಸಿಡಿಲಿನ ಹಾನಿಯನ್ನು ವಾರಂಟಿ ಸಾಮಾನ್ಯವಾಗಿ ಒಪ್ಪುವುದಿಲ್ಲ. ಪ್ಯಾನೆಲ್ ಕಳವಿನ ವಿಮೆ ಯಾರ ಹೆಸರಿನಲ್ಲಿ, ಎಷ್ಟು ವರ್ಷಕ್ಕೆ ಎಂಬುದನ್ನೂ ಸಹಿ ಹಾಕುವ ಮೊದಲೇ ಕೇಳಿ ಬರೆಸಿಕೊಳ್ಳಿ.